ಆಸ್ಪತ್ರೆ ಅಕ್ಕನ ಉತ್ತರ

ಜನವರಿ ೧೮

ಅಕ್ಕನಿಗೆ,

ಕ್ಷೇಮದ ಸಾಲನ್ನು ಮೊದಲೇ ಬರೆದು ಮುಗಿಸಿಬಿಡುತ್ತೇನೆ: ಉಂಡುಕೊಂಡು ತಿಂದುಕೊಂಡು ಇದ್ದೇವೆ, ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಅತ್ತೆಯ ಮಂಡಿ ಮಾತ್ರ ಎಂದಿನಂತೆ ಗೊಣಗುತ್ತಿದೆ. ಇನ್ನು ವಿಷಯ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಡೆ ಅಂಗಡಿಯವರ ಫೋನು, ನನ್ನ ಕಡೆ ಕಾರ್ಖಾನೆ ಗೇಟಿನ ಫೋನು. ನಾಲ್ಕು ಜನ ಕಿವಿ ನಿಮಿರಿಸಿಕೊಂಡು ನಿಂತಿರುವಾಗ ಇಂಥ ಮಾತನ್ನು ಹೇಗೆ ಆಡಲಿ?

ಅಕ್ಕಾ, ನನಗೆ ಮಗು ಬೇಕು.

ನಗಬೇಡ. ಮದುವೆಯಾದ ಹೊಸದರಲ್ಲಿ "ನಂಗೀಗ್ಲೇ ಬೇಡ, ಮೊದ್ಲು ಸೂಪರ್‌ವೈಸರ್ ಆಗ್ತೀನಿ" ಎಂದು ನಿನ್ನ ಮುಂದೆ ಕುಣಿದವಳು ನಾನೇ, ಮರೆತಿಲ್ಲ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಇದೆ, ಗಂಡನಿಗೂ ಗೊತ್ತಾಗುವುದಿಲ್ಲ, ಅತ್ತೆಗೂ ಗೊತ್ತಾಗುವುದಿಲ್ಲ ಎಂದು ನೀನು ಹೇಳಿದೆ. ನಾನು ಕಾರ್ಖಾನೆಯ ಹಿಂದಿನ ಬೀದಿಯ ಕ್ಲಿನಿಕ್ಕಿಗೆ ಹೋಗಿ ಹಾಕಿಸಿಕೊಂಡೆ. ಹೇಳಿದ ಹಾಗೇ ಆಯಿತು. ಚೆಕ್ಕಿಂಗ್ ಸೆಕ್ಷನ್ನಿನ ಸೂಪರ್‌ವೈಸರ್ ಕೂಡ ಆದೆ. ಈಗ ಹೊಲಿದು ಅಂಟಿಸಿ ಬಂದ ಪ್ರತಿಯೊಂದು ಶೂ ನನ್ನ ಮೇಜಿನ ಮೇಲೆ ಹಾದು ಹೋಗಬೇಕು, ಎಡಕ್ಕೂ ಬಲಕ್ಕೂ ಜೋಡಿ ಸರಿಯಿದೆ ಎಂದು ನಾನು ಹೇಳಿದ ಮೇಲೇ ಡಬ್ಬಕ್ಕೆ ಇಳಿಯಬೇಕು.

ಹೋದ ಬೇಸಿಗೆಯಲ್ಲಿ ಒಂದು ದಿನ ಕಾರ್ಖಾನೆಯ ಮಕ್ಕಳ ಕೋಣೆ ನೋಡಿಕೊಳ್ಳುವ ಅಜ್ಜಿ ಬಂದಿರಲಿಲ್ಲ. ಊಟದ ಹೊತ್ತಿನಲ್ಲಿ ನನ್ನನ್ನು ಕೂರಿಸಿದರು. ಅಂಟು ಹಚ್ಚುವವಳ ಮಗ ನನ್ನ ತೋಳಿನ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋದ. ಜೊಲ್ಲು ಸುರಿಸಿ ಅರ್ಧ ತೋಳು ಒದ್ದೆ ಮಾಡಿದ. ಗಂಟೆ ಹೊಡೆಯಿತು, ನಾನು ಏಳಲಿಲ್ಲ. ಮ್ಯಾನೇಜರ್ ಬಂದು, "ಏನಮ್ಮಾ, ಲೈನ್ ನಿಂತೋಗಿದೆ, ಇಲ್ಲಿ ಜೋಗುಳ ಹಾಡ್ತಿದೀಯಾ?" ಎಂದು ಎಲ್ಲರೆದುರು ಉಗಿದರು. ಆ ವಾರವೇ ಇಂಜೆಕ್ಷನ್ನಿನ ತಾರೀಕು ಬಂತು. ನಾನು ಹೋಗಲಿಲ್ಲ.

ಇಷ್ಟು ತಿಂಗಳಾಯಿತು. ಮುಟ್ಟೇ ಬರುತ್ತಿಲ್ಲ. ಇಂಜೆಕ್ಷನ್ ತೆಗೆದುಕೊಳ್ಳುವಾಗ ಬರದಿದ್ದದ್ದು ಸರಿ, ಬಿಟ್ಟ ಮೇಲೂ ಬರದಿದ್ದರೆ ಹೇಗೆ? ನನ್ನ ಒಳಗೆಲ್ಲ ಒಣಗಿ ಹೋಗಿದೆಯೇನೋ ಎಂದು ಹೆದರಿಕೆಯಾಗುತ್ತದೆ. ಅತ್ತೆ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಪಕ್ಕದ ಮನೆಯ ಸೊಸೆ ವಾಂತಿ ಮಾಡಿಕೊಂಡ ಸುದ್ದಿಯನ್ನು ನನಗೆ ಎರಡೆರಡು ಸಲ ಹೇಳುತ್ತಾರೆ. ಇವರಂತೂ, "ಇಬ್ರೂ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬರೋಣ" ಎನ್ನುತ್ತಿದ್ದಾರೆ. ಡಾಕ್ಟರ ಮುಂದೆ ಕೂತರೆ ಇಂಜೆಕ್ಷನ್ನಿನ ಕಥೆ ಹೊರಗೆ ಬರುತ್ತದೆ. ಅದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನ ಆಸ್ಪತ್ರೆಯ ಸಿಸ್ಟರನ್ನು ಕೇಳಿ ಬರಿ. ನಾನು ಸರಿ ಹೋಗುತ್ತೇನಾ?

ನಿನ್ನ ಮೊಂಡಿ


ಜನವರಿ ೩೦

ಮೊಂಡಿಗೆ,

ಅಂತೂ ಬುದ್ಧಿ ಬಂತಲ್ಲ! ಪತ್ರ ಓದಿ ನಾನು ಆಸ್ಪತ್ರೆಯ ಲಾಂಡ್ರಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಡ್ರಮ್ಮು ತಿರುಗಿಸುವವನು ಹಬೆ ನೆತ್ತಿಗೇರಿತೇನೋ ಎಂದು ತಿರುಗಿ ನೋಡಿದ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಾಳೆಯೇ ಗಂಟು ಕಟ್ಟಿಕೊಂಡು ನಿನ್ನ ಮನೆ ಬಾಗಿಲಿಗೆ ಬಂದು ಕೂರುತ್ತಾಳೆ.

ಈಗ ಕೇಳು. ತಲೆ ಕೆಡಿಸಿಕೊಳ್ಳಬೇಡ. ನೀನು ಒಣಗಿಯೂ ಹೋಗಿಲ್ಲ, ಬಾಡಿಯೂ ಹೋಗಿಲ್ಲ. ಹೆರಿಗೆ ವಾರ್ಡಿನ ಸಿಸ್ಟರನ್ನು ಕೇಳಿದೆ. ಆ ಇಂಜೆಕ್ಷನ್ನಿನ ಹಿಡಿತ ನಿಧಾನಕ್ಕೆ ಬಿಡುತ್ತದಂತೆ, ಕೆಲವರಿಗೆ ವರ್ಷ ಹಿಡಿದರೂ ಹಿಡಿಯಿತು. ಮೊದಲು ಮುಟ್ಟು ಕಾಣಿಸಿಕೊಳ್ಳಬೇಕು. ಅಲ್ಲಿಯವರೆಗೆ ಏನು ಮಾಡಿದರೂ ಗರ್ಭ ನಿಲ್ಲುವುದಿಲ್ಲ, ಆದ್ದರಿಂದ ಸುಮ್ಮನೆ ಲೆಕ್ಕ ಹಾಕಿಕೊಂಡು ಕೂರಬೇಡ. ಡಾಕ್ಟರ ಹತ್ತಿರ ಈಗಲೇ ಓಡಬೇಡ. ಇಲ್ಲದ್ದನ್ನೆಲ್ಲ ಕೆದಕಿ, ನಿನ್ನ ಗುಟ್ಟನ್ನೂ ರಟ್ಟು ಮಾಡಿ, ಕೊನೆಗೆ ಕಾಯಿರಿ ಎಂದೇ ಕಳಿಸುತ್ತಾರೆ. ಅದನ್ನೇ ನಾನು ಹೇಳುತ್ತಿದ್ದೇನೆ.

ಮೊದಲ ಕಲೆ ಕಂಡ ದಿನವೇ ನನಗೆ ಬರಿ, ಬಣ್ಣ ಯಾವುದೆಂದು ಬರಿ. ಇಲ್ಲಿ ಕಿಂಡಿಯಿಂದ ಬೆಡ್‌ಶೀಟಿನ ಗಂಟು ಬಂದು ಬಿದ್ದರೆ ಚೀಟಿ ನೋಡಬೇಕಾಗಿಲ್ಲ, ಕಲೆ ನೋಡಿಯೇ ಇದು ಹೆರಿಗೆಯದು, ಇದು ಆಪರೇಷನ್ನಿನದು, ಇದು ಸುಮ್ಮನೆ ಮುಟ್ಟಿನದು ಎಂದು ಹೇಳಬಲ್ಲೆ. ಇಷ್ಟು ವರ್ಷ ಬರೀ ಸೋಪಿನ ನೀರು ಚೆಲ್ಲಿಕೊಂಡು ಕೂತಿಲ್ಲ ನಾನು.

ನಿನ್ನೆ ಮೂಲೆಮನೆಯವಳು ಮಗಳನ್ನು ಕರೆದುಕೊಂಡು ಬಂದಿದ್ದಳು, ಹುಡುಗಿಗೆ ಹೊಟ್ಟೆನೋವು. ಕಷಾಯ ಹೇಳಿ ಕಳಿಸಿದೆ, ಬೆಳಗ್ಗೆ ಅವಳೇ ಬಂದು ಕಮ್ಮಿಯಾಯಿತು ಎಂದು ಹೇಳಿ ಹೋದಳು. ನಿಮ್ಮ ಭಾವ ನನ್ನನ್ನು ಗೇಲಿ ಮಾಡುತ್ತಾರೆ: "ನಮ್ಮನೇಲಿ ಹೊರಗಡೆ ಬೋರ್ಡ್ ಒಂದು ಬಾಕಿ." ಬೀದಿಯವರೆಲ್ಲ ನನ್ನನ್ನು 'ಆಸ್ಪತ್ರೆ ಅಕ್ಕ' ಎನ್ನುವಾಗ ಅವರಿಗೆ ಒಳಗೊಳಗೇ ಹೆಮ್ಮೆ, ಮೇಲೆ ಮಾತ್ರ ಬಿಂಕ.

ಧೈರ್ಯವಾಗಿರು.

ಅಕ್ಕ


ಮಾರ್ಚ್ ೨

ಅಕ್ಕನಿಗೆ,

ನಿನ್ನ ಪತ್ರ ಬಂದ ಮೇಲೆ ಮನಸ್ಸು ಹಗುರವಾಯಿತು. ಇವರಿಗೆ, "ಇನ್ನೊಂದು ಸ್ವಲ್ಪ ದಿನ ನೋಡೋಣ, ಆಸ್ಪತ್ರೆ ಎಲ್ಲಿ ಓಡೋಗುತ್ತೆ" ಎಂದೆ. ಅಪನಂಬಿಕೆಯಿಂದ ನನ್ನ ಮುಖ ನೋಡಿ ವೆಲ್ಡಿಂಗ್ ಕನ್ನಡಕ ಒರೆಸುತ್ತ ಹೊರಗೆ ಹೋದರು. ಇವರಿಗೆ ಸಿಟ್ಟು ಬಂದರೆ ಹೀಗೇ, ಏನಾದರೊಂದನ್ನು ಒರೆಸುತ್ತಾರೆ.

ಇಲ್ಲಿ ಕಾರ್ಖಾನೆಗೆ ಹೊಸ ಅಂಟು ತಂದಿದ್ದಾರೆ. ಅದರ ವಾಸನೆಗೆ ಕರುಳು ಕಿತ್ತು ಬರುತ್ತದೆ. ಬೆಳಗ್ಗೆ ಗೇಟು ದಾಟುವುದಕ್ಕೂ ಮೊದಲೇ ಬಾಯಲ್ಲಿ ನೀರೂರುತ್ತದೆ, ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಮೊನ್ನೆ ಎರಡು ಬಲಗಾಲಿನ ಶೂಗಳನ್ನೇ ಜೋಡಿ ಮಾಡಿ ಡಬ್ಬಕ್ಕೆ ಹಾಕಿದೆ! ಪ್ಯಾಕಿಂಗಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಂಟು ಬದಲಾಯಿಸಿ ಎಂದು ಅರ್ಜಿ ಬರೆದಿದ್ದೇನೆ. ಉಳಿದವರಿಗೆ ಅಷ್ಟೇನೂ ತೊಂದರೆಯಿಲ್ಲವಂತೆ, ನನ್ನ ಮೂಗೇ ಚೂಪು ಎನ್ನುತ್ತಾರೆ.

ಮಾರ್ಚ್ ೫. ಅಂಚೆಗೆ ಹಾಕದೆ ಇಟ್ಟಿದ್ದೇ ಒಳ್ಳೆಯದಾಯಿತು. ಬಂತು ಅಕ್ಕಾ! ಇವತ್ತು ಬೆಳಗ್ಗೆ ಕಲೆ ಕಂಡಿತು. ಸ್ವಲ್ಪವೇ. ಬಣ್ಣ ಕೇಳಿದ್ದೆಯಲ್ಲ, ಕೆಂಪಲ್ಲ, ಕಂದು, ಕಾಫಿ ಚೆಲ್ಲಿದ ಹಾಗೆ. ಹೊಟ್ಟೆಯ ಬಲಗಡೆ ಒಂದೇ ಕಡೆ ಹಿಡಿದುಕೊಂಡ ಹಾಗೆ ನೋವಿದೆ. ಮುಟ್ಟಿನ ನೋವು ನನಗೆ ಮರೆತೇ ಹೋಗಿದೆ, ಹೀಗೇ ಇರುತ್ತಿತ್ತಾ? ಇರಲಿ, ನೋವಿಗೂ ಖುಷಿಯಾಗುತ್ತಿದೆ. ಸೀರೆ ಉಡುವಾಗ ಒಬ್ಬಳೇ ನಕ್ಕೆ, ಅತ್ತೆ ಹುಬ್ಬು ಗಂಟಿಕ್ಕಿ ನೋಡಿದರು.

ಇದು ಸರಿ ಇದೆಯಾ, ಬೇಗ ಬರಿ.

ಮೊಂಡಿ


ಮಾರ್ಚ್ ೧೦

ನನ್ನ ಬಂಗಾರ ಮೊಂಡಿಗೆ,

ನಾನು ಹೇಳಲಿಲ್ಲವಾ! ಪತ್ರ ಈಗಷ್ಟೇ ಬಂತು, ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ, ಮಸಿ ಕದಡಿದ್ದರೆ ಬೈದುಕೊಳ್ಳಬೇಡ.

ಕಂದು ಬಣ್ಣ ಅಂದರೆ ಹಳೇ ರಕ್ತ. ಇಷ್ಟು ವರ್ಷ ಇಂಜೆಕ್ಷನ್ ಹಾಕಿ ಕಟ್ಟಿ ಇಟ್ಟಿದ್ದು ಈಗ ಬಿಟ್ಟುಕೊಳ್ಳುತ್ತಿದೆ. ಕೆಂಪು ಆಮೇಲೆ ಬರುತ್ತದೆ. ಕಂದು ಕಲೆಯನ್ನು ನಾನು ಎಷ್ಟು ಒಗೆದಿಲ್ಲ? ಬಿಸಿನೀರಿಗೆ ಹಾಕಿದರೆ ಗಟ್ಟಿಯಾಗಿ ಕೂರುವ ಕಲೆ ಅದು, ತಣ್ಣೀರಲ್ಲೇ ನೆನೆಸು. ನೋವಾಗದೆ ಇರುತ್ತದಾ? ಮುಚ್ಚಿದ ಬಾಗಿಲು ತೆಗೆಯುವಾಗ ಕಿರುಗುಟ್ಟುತ್ತದೆ. ಒಂದೇ ಕಡೆ ನೋವು ನನಗೂ ಬರುತ್ತಿತ್ತು. ಸಿಸ್ಟರ್ ಕೂಡ, "ಒಳ್ಳೇ ಲಕ್ಷಣ, ಹರಿದು ಹೋಗಲಿ ಬಿಡಿ" ಎಂದರು.

ಬಿಸಿನೀರಿನ ಬ್ಯಾಗು ಇಟ್ಟುಕೊಂಡು ಮಲಗು. ಒಂದೆರಡು ದಿನ ರಜೆ ಹಾಕು, ಶೂಗಳು ನಿನ್ನನ್ನು ಬಿಟ್ಟು ಓಡಿ ಹೋಗುವುದಿಲ್ಲ. ಈಗ ಡಾಕ್ಟರು ಗೀಕ್ಟರು ಎಂದು ಹೋಗಿ ಹರಿಯುತ್ತಿರುವುದನ್ನು ಮಾತ್ರೆ ಕೊಟ್ಟು ನಿಲ್ಲಿಸಿಕೊಂಡು ಬರಬೇಡ. ಇದು ಪೂರ್ತಿ ಮುಗಿಯಲಿ, ಮುಂದಿನ ತಿಂಗಳಿಂದ ನಿನ್ನ ಮೊಂಡಾಟವನ್ನೆಲ್ಲ ಗಂಡನ ಹತ್ತಿರ ತೋರಿಸು!

ನನಗಂತೂ ಇವತ್ತು ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಅಕ್ಕ


ಏಪ್ರಿಲ್ ೬

ಮೊಂಡಿಗೆ,

ಏನಮ್ಮಾ ಸೂಪರ್‌ವೈಸರ್ರೇ, ಅಕ್ಕನಿಗೆ ಒಂದು ಸಾಲು ಬರೆಯಲಿಕ್ಕೂ ಪುರುಸೊತ್ತಿಲ್ಲವೇ? ಕೆಂಪಾಯಿತಾ, ನಿಂತಿತಾ, ಒಂದೂ ಗೊತ್ತಿಲ್ಲ. ನಾನಿಲ್ಲಿ ಪೋಸ್ಟ್‌ಮ್ಯಾನಿನ ದಾರಿ ಕಾದು ಕಾದು ಅವನಿಗೇ ನನ್ನ ಕಂಡರೆ ಭಯ ಶುರುವಾಗಿದೆ.

ಹೋದ ವಾರ ನಿಮ್ಮವರು ಅಂಗಡಿಗೆ ಫೋನು ಮಾಡಿದ್ದರಂತೆ. ನಾನು ಡ್ಯೂಟಿಯಲ್ಲಿದ್ದೆ. "ಅವಳಿಗೆ ಸ್ವಲ್ಪ ಹುಷಾರಿಲ್ಲ, ರಜೆ ಹಾಕಿದಾಳೆ, ಆಮೇಲೆ ಅವಳೇ ಬರೀತಾಳೆ ಅಂತ ಹೇಳಿ" ಎಂದು ಇಟ್ಟುಬಿಟ್ಟರಂತೆ. ಅಂಗಡಿಯವರು ಪಾಪ ಗಾಬರಿಯಿಂದ ಹೇಳಿದರು. ನಾನು ಮನಸ್ಸಿನಲ್ಲೇ ನಕ್ಕೆ. ಮಗುವಿಗೆ ಕಾಯುತ್ತಿರುವವರ ಮನೆಯಲ್ಲಿ 'ಸ್ವಲ್ಪ ಹುಷಾರಿಲ್ಲ' ಅಂದರೆ ಏನೆಂದು ನನಗೆ ಯಾರಾದರೂ ಹೇಳಿಕೊಡಬೇಕಾ?

ಇಷ್ಟು ಬೇಗನಾ ಎಂದೂ ಅನ್ನಿಸಿತು. ಬೇಗ ಆದರೆ ಬೇಡ ಅನ್ನುವವರು ಯಾರು?

ಬರಿಯೇ.

ಅಕ್ಕ


ಮೇ ೮

ಕಳ್ಳಿಗೆ,

ಇನ್ನು ನಿನ್ನನ್ನು ಮೊಂಡಿ ಎನ್ನುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎಂದು ನಿನ್ನ ಅತ್ತೆ ಹೇಳಿರಬೇಕು, ನೀನೂ ತುಟಿ ಹೊಲಿದುಕೊಂಡು ಕೂತಿದ್ದೀಯ. ಇರಲಿ, ಹೊರಗಿನವರಿಗೆ ಹೇಳಬೇಡ. ನಾನು ಹೊರಗಿನವಳಾ?

ನಾನಂತೂ ಅಮ್ಮನಿಗೆ ಹೇಳಿಬಿಟ್ಟೆ, ತಡೆಯಲಿಕ್ಕಾಗಲಿಲ್ಲ. ಕೇಳಿದ್ದೇ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಅಳು ಬಂದರೆ ಅವಳು ಹಾಗೇ ತಾನೇ. ನಿಮ್ಮ ಭಾವ, "ಹುಡುಗ ಆದ್ರೆ ನನ್ನ ಥರ ಇರ್ಲಿ, ಹುಡುಗಿ ಆದ್ರೆ ಅವಳ ದೊಡ್ಡಮ್ಮನ ಥರ ಮಾತ್ರ ಬೇಡಪ್ಪಾ" ಎಂದರು. ನಾನು ಲಟ್ಟಣಿಗೆ ತೋರಿಸಿದೆ.

ಲಾಂಡ್ರಿಯಲ್ಲಿ ಹರಿದು ಲೆಕ್ಕದಿಂದ ತೆಗೆದ ಬೆಡ್‌ಶೀಟುಗಳನ್ನು ಕೇಳಿ ತಂದಿದ್ದೇನೆ. ಎಷ್ಟು ವರ್ಷ ಒಗೆದ ಬಟ್ಟೆ! ಹೊಸ ಬಟ್ಟೆಯಲ್ಲಿ ಆ ಮೆದುತನ ಎಲ್ಲಿಂದ ಬರಬೇಕು? ಚೆನ್ನಾಗಿ ಕುದಿಸಿ, ಒಣಗಿಸಿ, ಚೌಕ ಕತ್ತರಿಸಿ ಅಂಚು ಮಡಿಸಿ ಹೊಲಿಯುತ್ತಿದ್ದೇನೆ. ಕೂಸಿಗೆ ಕೆಳಗೆ ಹಾಸಲು, ಸುತ್ತಲು, ಎಲ್ಲದಕ್ಕೂ ಆಗುತ್ತದೆ. ಒಂದು ಅಟ್ಟಿಯಷ್ಟಾಗಿದೆ.

ಎಡಮಗ್ಗುಲಿಗೆ ಮಲಗು. ಭಾರ ಎತ್ತಬೇಡ. ಆ ಹಾಳು ಅಂಟಿನ ಹತ್ತಿರ ಸುಳಿಯಬೇಡ, ಬೇರೆ ಸೆಕ್ಷನ್ ಕೇಳು. ಇನ್ನೂ ಬಹಳ ಇದೆ ಹೇಳುವುದು, ನೀನು ಬಾಯಿ ಬಿಟ್ಟ ಮೇಲೆ ಬರೆಯುತ್ತೇನೆ.

ಅಕ್ಕ, ಸದ್ಯದಲ್ಲೇ ದೊಡ್ಡಮ್ಮ


ಮೇ ೨೦

ಅಕ್ಕನಿಗೆ,

ಏಪ್ರಿಲಿನ ಪತ್ರವೂ ಬಂತು, ಮೇ ತಿಂಗಳದೂ ಬಂತು. ಎರಡನೆಯದನ್ನು ಇವರು ಓದಿ ನನಗೆ ಸಿಗದಂತೆ ಟೂಲ್ ಬ್ಯಾಗಿನಲ್ಲಿಟ್ಟಿದ್ದರು. ನಾನು ಹುಡುಕಿ ತೆಗೆದೆ. ಬಟ್ಟೆ ಹೊಲಿಯುವುದನ್ನು ನಿಲ್ಲಿಸು. ಅಮ್ಮನಿಗೂ ಹೇಳಿಬಿಡು, ಮಗು ಇಲ್ಲ.

ಏನಾಯಿತೆಂದು ಒಂದೇ ಸಲ ಬರೆಯುತ್ತೇನೆ. ಮತ್ತೆ ಕೇಳಬೇಡ.

ಕಲೆ ನಿಲ್ಲಲಿಲ್ಲ, ಕೆಂಪೂ ಆಗಲಿಲ್ಲ. ದಿನಾ ಅಷ್ಟಷ್ಟೇ, ಅದೇ ಕಂದು. ಬಲಗಡೆಯ ನೋವು ಹೆಚ್ಚುತ್ತಾ ಹೋಯಿತು. ಆಮೇಲೆ ಬಲ ಭುಜದ ತುದಿಯಲ್ಲೂ ನೋವು ಶುರುವಾಯಿತು, ಶೂ ಡಬ್ಬ ಎತ್ತಿ ಹಿಡಿದುಕೊಂಡಿರಬೇಕು ಎಂದುಕೊಂಡೆ. ಒಂದು ಬೆಳಗ್ಗೆ ಇವರು, "ಇವತ್ತು ನಿನ್ನ ಮಾತು ಕೇಳಲ್ಲ, ನಡಿ ಆಸ್ಪತ್ರೆಗೆ" ಎಂದು ಆಟೋ ಕರೆಯಲು ಹೋದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಆಗ ಪೋಸ್ಟ್‌ಮ್ಯಾನ್ ನಿನ್ನ ಪತ್ರ ಕೊಟ್ಟ. ಅಲ್ಲೇ ನಿಂತು ಓದಿದೆ. ಒಳ್ಳೇ ಲಕ್ಷಣ, ಸಿಸ್ಟರ್ ಹೇಳಿದರು, ಡಾಕ್ಟರ ಹತ್ತಿರ ಹೋಗಬೇಡ. ಚಪ್ಪಲಿ ಬಿಟ್ಟು ಒಳಗೆ ಬಂದೆ. ಆಟೋ ಬಂತು, ವಾಪಸು ಕಳಿಸಿದೆ. "ಅಕ್ಕ ಆಸ್ಪತ್ರೆಲೇ ಇರೋಳು, ಅವಳಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದು ಇವರ ಮೇಲೆ ರೇಗಿದೆ. ಬಿಸಿನೀರಿನ ಬ್ಯಾಗು ಇಟ್ಟುಕೊಂಡು ಮಲಗಿದೆ.

ಎರಡನೇ ದಿನ, ರಜೆ ಮುಗಿಯಿತೆಂದು ಕೆಲಸಕ್ಕೆ ಹೋದೆ. ಚೆಕ್ಕಿಂಗ್ ಮೇಜಿನ ಹತ್ತಿರ ನಿಂತಿದ್ದಷ್ಟೇ ನೆನಪು. ಶೂಗಳ ರಾಶಿಯ ಮೇಲೆ ಬಿದ್ದೆನಂತೆ.

ಎಚ್ಚರವಾದಾಗ ಹೊಟ್ಟೆಗೆ ಹೊಲಿಗೆ ಹಾಕಿದ್ದರು. ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಔಷಧಿಯ ಡಬ್ಬ ಹರಿದು ಒಳಗಡೆ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಎರಡೂ ಕಡೆ ಒಂದೊಂದು ನಾಳ ಇರುತ್ತದಂತೆ. ನನಗೆ ಬಸಿರಾಗಿತ್ತು ಅಕ್ಕಾ. ಗರ್ಭಕೋಶಕ್ಕೆ ಇಳಿಯದೆ ಬಲಗಡೆಯ ನಾಳದಲ್ಲೇ ನಿಂತಿತ್ತು. ಬೆಳೆದು ಬೆಳೆದು ನಾಳ ಒಡೆದು ಹೊಟ್ಟೆಯೊಳಗೆಲ್ಲ ರಕ್ತ ತುಂಬಿತ್ತು. ಆ ನಾಳ ತೆಗೆದುಹಾಕಿದ್ದಾರೆ. ನಾನು ಬಸುರಿಯಾಗಿದ್ದೆ ಎಂದು ನನಗೆ ಗೊತ್ತಾದದ್ದೇ ಅದು ಹೋದ ಮೇಲೆ. ಅಂಟಿನ ಮೇಲೆ ಅರ್ಜಿ ಬರೆದಿದ್ದೆನಲ್ಲ, ಅದು ಅಂಟಿನ ವಾಸನೆಯಾಗಿರಲಿಲ್ಲ.

"ಮುಟ್ಟು ಬರೋ ತನಕ ಬಸಿರಾಗಲ್ಲ ಅಂತ ಯಾರಮ್ಮ ಹೇಳಿದ್ದು ನಿಮಗೆ? ಅಂಡ ಮೊದಲು ಬಿಡುಗಡೆ ಆಗತ್ತೆ, ಮುಟ್ಟು ಅದಾದ ಮೇಲೆ. ಮುಟ್ಟೇ ಕಾಣದೆ ಬಸಿರಾಗಬಹುದು" ಎಂದರು. ನಾನು ಯಾರೂ ಹೇಳಿಲ್ಲ ಎಂದೆ. ಇಂಜೆಕ್ಷನ್ನಿನಿಂದಲೇ ಹೀಗಾಯಿತಾ ಎಂದು ಕೇಳಿದೆ. ಅದು ಬಂಜೆ ಮಾಡುವ ಔಷಧಿಯಲ್ಲ, ನಾಳಕ್ಕೆ ಹಿಂದೆ ಯಾವಾಗಲೋ ಸೋಂಕು ತಗುಲಿದ್ದಿರಬಹುದು, ಕಾರಣ ಖಚಿತವಾಗಿ ಹೇಳಲಾಗದು ಎಂದರು. ಆ ಗರ್ಭ ಹೇಗೂ ಉಳಿಯುತ್ತಿರಲಿಲ್ಲವಂತೆ. ಕಲೆ ಕಂಡ ದಿನವೇ ಬಂದಿದ್ದರೆ ನಾಳ ಉಳಿಸಲು ನೋಡಬಹುದಿತ್ತಂತೆ.

ಡಾಕ್ಟರ ಬಾಯಿಂದಲೇ ಇವರಿಗೆ ಇಂಜೆಕ್ಷನ್ನಿನ ವಿಷಯ ಗೊತ್ತಾಯಿತು. ವಾರ್ಡಿನಲ್ಲಿ ನನಗೆ ಊಟ ಮಾಡಿಸುತ್ತಿದ್ದರು, ತಲೆ ಬಾಚುತ್ತಿದ್ದರು, ಆಮೇಲೆ ಅದೇ ತಟ್ಟೆಯನ್ನು ಒರೆಸುತ್ತಲೇ ಕೂರುತ್ತಿದ್ದರು. ಮನೆಗೆ ಬಂದ ಮೇಲೆ ಒಂದು ದಿನ ಕೇಳಿದರು: "ಈಗ್ಲೇ ಬೇಡ ಅಂತ ನಂಗೆ ಹೇಳಿದ್ರೆ ನಾನೇನು ಹೊಡೀತಿದ್ನಾ?" ಇಲ್ಲ, ಹೊಡೆಯುತ್ತಿರಲಿಲ್ಲ. ಅದು ನನಗೆ ಯಾವತ್ತೂ ಗೊತ್ತಿತ್ತು. ಆದರೂ ಹೇಳಲಿಲ್ಲ, ಏಕೆಂದರೆ ಇವರಿಗಿಂತ ನಿನ್ನನ್ನು ಕೇಳುವುದು ನನಗೆ ಸುಲಭವಾಗಿತ್ತು.

ನಿನಗೆ ಎರಡು ತಿಂಗಳು ಯಾಕೆ ಬರೆಯಲಿಲ್ಲ ಎಂದರೆ, ಪೆನ್ನು ಹಿಡಿದಾಗಲೆಲ್ಲ ಕೈ ನಿನ್ನ ಮಾರ್ಚಿನ ಪತ್ರದ ಕಡೆ ಹೋಗುತ್ತಿತ್ತು. ಒಂದೇ ಪ್ರಶ್ನೆ ಇದೆ. ಹೆರಿಗೆ ವಾರ್ಡಿನ ಸಿಸ್ಟರು ನಿಜವಾಗಿಯೂ ಒಳ್ಳೇ ಲಕ್ಷಣ ಎಂದರಾ?


ಜೂನ್ ೧

ತಂಗಿಗೆ,

ಇಲ್ಲ.

ಯಾವ ಸಿಸ್ಟರನ್ನೂ ನಾನು ಕೇಳಿರಲಿಲ್ಲ. ಆವತ್ತೂ ಇಲ್ಲ, ಜನವರಿಯಲ್ಲೂ ಇಲ್ಲ. ಇಂಜೆಕ್ಷನ್ನಿನ ವಿಷಯ ಮಾತ್ರ ಬಟ್ಟೆ ಕೊಡಲು ಬಂದ ಇಬ್ಬರು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದಾಗ ಕೇಳಿಸಿಕೊಂಡಿದ್ದೆ. ಸಿಸ್ಟರುಗಳಿಗೆ ನನ್ನ ಹೆಸರೂ ಗೊತ್ತಿಲ್ಲ. ಗಂಟನ್ನು ಕಿಂಡಿಯೊಳಗೆ ತಳ್ಳಿ, "ಲಾಂಡ್ರೀ, ಬೇಗ" ಎಂದು ಹೋಗುತ್ತಾರೆ. ಬೀದಿಯಲ್ಲಿ ಮಾತ್ರ ನಾನು ಆಸ್ಪತ್ರೆ ಅಕ್ಕ. ಅಲ್ಲಿಗೆ ಬಂದವರಿಗೆ ಗೊತ್ತಿಲ್ಲ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನಿನಗಂತೂ ಹೇಗೆ ಹೇಳಲಿ? ಚಿಕ್ಕಂದಿನಿಂದ ಎಲ್ಲ ಕೇಳಿದ್ದು ನನ್ನನ್ನೇ.

ನಿನ್ನ ಪತ್ರ ಬಂದ ಮರುದಿನ ಹೆರಿಗೆ ವಾರ್ಡಿಗೆ ಹೋದೆ. ಇಷ್ಟು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. "ಏನಮ್ಮಾ, ಬಟ್ಟೆ ಕಡಿಮೆ ಬಂದಿದ್ಯಾ?" ಎಂದು ಸಿಸ್ಟರು ಕೇಳಿದರು. ಅಲ್ಲ ಎಂದೆ. ನಿನ್ನ ಕಲೆ, ನಿನ್ನ ನೋವು, ಭುಜದ ನೋವು ಎಲ್ಲ ಹೇಳಿದೆ. ನಾನು ಮುಗಿಸುವ ಮೊದಲೇ ಅವರು ಕುರ್ಚಿ ಬಿಟ್ಟೆದ್ದು, "ಎಲ್ಲಿದಾಳೆ ಅವಳು? ಈಗ್ಲೇ ಕರ್ಕೊಂಡು ಬನ್ನಿ" ಎಂದರು. ಆಗಿ ಹೋಗಿದೆ ಸಿಸ್ಟರ್ ಎಂದೆ. ಅಷ್ಟು ಕೇಳಿದ್ದರೆ ಸಾಕಿತ್ತಲ್ಲ. ಮಾರ್ಚ್ ಹತ್ತನೇ ತಾರೀಕು ನಾನು ಒಂದು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು.

ಆ ಬಣ್ಣದ ಕಲೆ ಎಷ್ಟೋ ಒಗೆದಿದ್ದೇನೆ, ಅದು ನಿಜ. ಆ ಹೆಂಗಸರಿಗೆ ಆಮೇಲೆ ಏನಾಯಿತು ಎಂದು ಬೆಡ್‌ಶೀಟು ಹೇಳುವುದಿಲ್ಲ, ನಾನೂ ಕೇಳಿಲ್ಲ.

ಅಮ್ಮನಿಗೆ ಹೇಳಿದೆ. ನನ್ನ ಕೈ ಕೊಡವಿ ಒಳಗೆ ಹೋದಳು. ಮೂಲೆಮನೆಯವಳು ಮತ್ತೆ ಮಗಳನ್ನು ಕರೆದುಕೊಂಡು ಬಂದಿದ್ದಳು. ನನಗೇನೂ ಗೊತ್ತಿಲ್ಲ, ಡಾಕ್ಟರಿಗೆ ತೋರಿಸು ಎಂದೆ. ಅವಳಿಗೆ ಅವಮಾನವಾಯಿತು, ಜಂಬ ಬಂತು ಇವಳಿಗೆ ಎಂದುಕೊಂಡು ಹೋದಳು.

ನನ್ನನ್ನು ಬೈದು ಬರಿ. ಬಾಯಿಗೆ ಬಂದ ಹಾಗೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಅಕ್ಕ


ಆಗಸ್ಟ್ ೨೬

ಅಕ್ಕನಿಗೆ,

ಬೈಯುವುದಕ್ಕೆಂದು ಎಷ್ಟೋ ಸಲ ಕೂತೆ. ನಿನ್ನ ಮುಖ ಎದುರಿಗೆ ಬಂದರೆ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ, ಬರದಿದ್ದರೆ ಎಷ್ಟು ಬೈದರೂ ಸಾಲದು ಅನ್ನಿಸುತ್ತದೆ. ಸಿಟ್ಟು ಹೋಗಿಲ್ಲ. ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ, ನಮ್ಮಿಬ್ಬರ ಮಧ್ಯೆ ಸುಳ್ಳು ಸಾಕು.

ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ನಾನಿಲ್ಲದಾಗ ನನ್ನ ಮೇಜಿಗೆ ಬಂದ ಹುಡುಗಿ ಚುರುಕು, ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಅವಳಿಗೆ ಮದುವೆ ಗೊತ್ತಾಗಿದೆ. ಊಟದ ಹೊತ್ತಿನಲ್ಲಿ ಮೆಲ್ಲಗೆ, "ಅಕ್ಕಾ, ಆ ಇಂಜೆಕ್ಷನ್ ಒಳ್ಳೇದಾ?" ಎಂದು ಕೇಳಿದಳು. ನನಗೆ ನಿನ್ನ ನೆನಪು ಬಂತು. ಅವಳನ್ನು ಕೈ ಹಿಡಿದು ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅತ್ತೆ ಈಗ ಪಕ್ಕದ ಮನೆಯ ಸುದ್ದಿ ಹೇಳುವುದಿಲ್ಲ. ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ಮಕ್ಕಳಿಲ್ದಿದ್ರೂ ಬದುಕ್ತಾರೆ ಜನ, ನೀನು ಬದುಕಿದ್ರೆ ಸಾಕು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಎಣ್ಣೆ ಬಟ್ಟಲು ಆಚೆ ತಳ್ಳಿ ಎದ್ದುಬಿಟ್ಟೆ. ಮೊದಲು ನನಗೆ ಬೇಡವಾಗಿದ್ದಾಗ ಎಲ್ಲರಿಗೂ ಬೇಕಿತ್ತು, ಈಗ ನನಗೆ ಬೇಕಾಗಿರುವಾಗ ಎಲ್ಲರೂ ಬೇಡ ಅನ್ನುತ್ತಾರೆ. ಇವರೂ ಬೇಡ ಅನ್ನುತ್ತಾರೆ, ನನ್ನನ್ನು ಸ್ಟ್ರೆಚರಿನ ಮೇಲೆ ನೋಡಿದವರು ಇವರು.

ಎಡಗಡೆಯ ನಾಳ ಇದೆ. ಅದರಿಂದ ಬಸಿರಾಗಬಹುದು ಎಂದಿದ್ದಾರೆ. ಮತ್ತೆ ನಾಳದಲ್ಲೇ ನಿಲ್ಲುವ ಅಪಾಯ ಉಳಿದವರಿಗಿಂತ ನನಗೆ ಹೆಚ್ಚು, ಅದನ್ನೂ ಮುಚ್ಚಿಡದೆ ಹೇಳಿದ್ದಾರೆ. ಮುಟ್ಟು ತಡವಾದ ಕೂಡಲೇ ಬಂದು ತೋರಿಸಬೇಕು. ಇಷ್ಟೂ ನಾನು ಕೇಳಿ ತಿಳಿದುಕೊಂಡದ್ದು, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅರ್ಥವಾಗದ್ದನ್ನು ಮತ್ತೆ ಕೇಳಿದೆ, ಅವರು ಮತ್ತೆ ಹೇಳಿದರು. ಅಷ್ಟೇ ಸುಲಭವಿತ್ತು ಅಕ್ಕಾ.

ನನಗೆ ಬೇಕು. ಹೆದರಿಕೆಯೂ ಇದೆ, ಬೇಕು ಅನ್ನುವುದು ಅದಕ್ಕಿಂತ ಜಾಸ್ತಿ ಇದೆ. ನೀನು ಏನೂ ಹೇಳಬೇಡ. ಅಮ್ಮನ ಸುದ್ದಿ ಬರಿ, ಭಾವನ ಸುದ್ದಿ ಬರಿ.

ಮೊಂಡಿ


ಡಿಸೆಂಬರ್ ೬

ಅಕ್ಕಾ,

ಈ ತಿಂಗಳು ಮುಟ್ಟು ತಡವಾಯಿತು. ನಿನಗೆ ಬರೆಯುವ ಮೊದಲು ಆಸ್ಪತ್ರೆಗೆ ಹೋದೆ. ಪರೀಕ್ಷೆ ಮಾಡಿದರು, ಆಗಿದೆ.

ಆದರೆ ಎಲ್ಲಿ ನಿಂತಿದೆ ಎಂದು ಈಗಲೇ ಕಾಣುವುದಿಲ್ಲವಂತೆ. ಇಪ್ಪತ್ತೊಂದನೇ ತಾರೀಕು ಸ್ಕ್ಯಾನು. ಅಲ್ಲಿಯವರೆಗೆ ರಕ್ತ ತೆಗೆದು ನೋಡುತ್ತಿರುತ್ತಾರೆ. ಸ್ವಲ್ಪ ನೋವಾದರೂ, ತಲೆ ಸುತ್ತಿದರೂ ಹಗಲು ರಾತ್ರಿ ನೋಡದೆ ಬರಬೇಕು ಎಂದಿದ್ದಾರೆ. ಇವರು ರಜೆ ಹಾಕಿ ಮನೆಯಲ್ಲೇ ಕೂತಿದ್ದಾರೆ. ಮನೆಯಲ್ಲಿರುವ ಪಾತ್ರೆಯನ್ನೆಲ್ಲ ಒರೆಸಿ ಮುಗಿಸಿದರು. ನಾನು ಕೆಮ್ಮಿದರೆ ಎದ್ದು ನಿಲ್ಲುತ್ತಾರೆ.

ನಾನು ಬಲಗಡೆ ಮುಟ್ಟಿ ನೋಡಿಕೊಳ್ಳುತ್ತೇನೆ, ಅಲ್ಲಿ ನಾಳವೇ ಇಲ್ಲ. ಎಡಗಡೆ ಮುಟ್ಟಿ ನೋಡಿಕೊಳ್ಳುತ್ತೇನೆ. ಏನೂ ಇಲ್ಲದ ಕಡೆಯೂ ನೋವಿದೆ ಅನ್ನಿಸುತ್ತದೆ. ಒಂದು ಕಡೆ ಹೊಟ್ಟೆಯೊಳಗಿನದ್ದರ ಜೊತೆ ಮಾತಾಡಬೇಕು ಅನ್ನಿ­ಸುತ್ತದೆ, ಇನ್ನೊಂದು ಕಡೆ ಮಾತಾಡಿಸಿದರೆ ಹಚ್ಚಿಕೊಂಡುಬಿಡುತ್ತೇನೆಂದು ಬಾಯಿ ಮುಚ್ಚಿಕೊಳ್ಳುತ್ತೇನೆ. ಡಾಕ್ಟರನ್ನು ಕೇಳಿದೆ, "ಈಗ್ಲೇ ಏನೂ ಹೇಳೋಕಾಗಲ್ಲ" ಎಂದರು. ಅವರು ಹಾಗೆ ಹೇಳುವುದೇ ಸರಿ, ಅದು ಗೊತ್ತು. ಆದರೆ ಅಷ್ಟು ಸರಿಯಾದ ಮಾತು ಕೇಳಿಕೊಂಡು ಮನೆಯಲ್ಲಿ ಕೂರಲು ಆಗುತ್ತಿಲ್ಲ.

ಏನೂ ಹೇಳಬೇಡ ಎಂದು ನಾನೇ ಬರೆದಿದ್ದೆ. ಈಗ ನಾನೇ ಕೇಳುತ್ತೇನೆ. ಈ ಸಲ ನಿಲ್ಲುತ್ತಾ ಅಕ್ಕಾ? ಸರಿಯಾದ ಜಾಗದಲ್ಲಿ ಇರುತ್ತಾ? ಮೊದಲಿನ ಹಾಗೆ, ನಾನಿದೀನಿ, ಏನೂ ಆಗಲ್ಲ ಬಿಡೇ ಎಂದು ಒಂದು ಸಾಲು ಬರಿ. ಸುಳ್ಳಾದರೂ ಪರವಾಗಿಲ್ಲ.

ಮೊಂಡಿ


ಡಿಸೆಂಬರ್ ೧೨

ಮೊಂಡಿ,

ಏನೂ ಆಗುವುದಿಲ್ಲ ಎಂದು ಬರೆದೆ. ಬರೆದು ಲಕೋಟೆಗೂ ಹಾಕಿದೆ. ಅಂಚೆ ಡಬ್ಬದ ತನಕ ಹೋಗಿ ಹರಿದು ಹಾಕಿ ವಾಪಸು ಬಂದೆ. ಆ ಸಾಲು ನಿನಗೆ ಎಷ್ಟು ಬೇಕಾಗಿದೆ ಎಂದು ನನಗೆ ಗೊತ್ತು, ನಿನಗಿಂತ ನನಗೇ ಜಾಸ್ತಿ ಬೇಕಾಗಿದೆಯೇನೋ. ಬರೆಯಲಾರೆ ಕಣೇ.

ಹೆರಿಗೆ ವಾರ್ಡಿಗೆ ಹೋಗಿ ಕೇಳಿದೆ. ಈ ಸಲ ನಿಜವಾಗಿಯೂ ಕೇಳಿದೆ, ಬೇಕಾದರೆ ಬಂದಾಗ ಸಿಸ್ಟರ ಹೆಸರು ಹೇಳುತ್ತೇನೆ. ನಿನ್ನ ಡಾಕ್ಟರು ಹೇಳಿದ್ದೇ ಸರಿ, ಸ್ಕ್ಯಾನಿಗಿಂತ ಮೊದಲು ಯಾರಿಂದಲೂ ಹೇಳಲಾಗದು ಎಂದರು. ನೋವು ಬಂದರೆ ನನ್ನ ಪತ್ರಕ್ಕೂ ಕಾಯಬೇಡ, ನಾನು ಬರುತ್ತೇನೆಂದೂ ಕಾಯಬೇಡ. ಆ ಗಳಿಗೆಯಲ್ಲೇ ಹೋಗು.

ರಜೆ ಕೇಳಿದ್ದೇನೆ. ಕೊಡದಿದ್ದರೂ ಬರುತ್ತೇನೆ. ನಿಮ್ಮ ಭಾವ ಅಮ್ಮನನ್ನು ನೋಡಿಕೊಳ್ಳುತ್ತಾರೆ, ಅಡುಗೆ ಹೇಗೆ ಮಾಡುತ್ತಾರೋ ದೇವರೇ ಬಲ್ಲ. ಇಪ್ಪತ್ತನೇ ತಾರೀಕು ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ನಿನ್ನ ಮನೆಯಲ್ಲಿರುತ್ತೇನೆ. ಮರುದಿನ ಸ್ಕ್ಯಾನಿಗೆ ಜೊತೆಗೆ ಬರುತ್ತೇನೆ. ಒಳಗೆ ಬಿಟ್ಟರೆ ಒಳಗೆ, ಇಲ್ಲದಿದ್ದರೆ ಬಾಗಿಲ ಹೊರಗೆ. ಡಾಕ್ಟರು ಏನು ಹೇಳುತ್ತಾರೋ ನಿನ್ನ ಕೈ ಹಿಡಿದುಕೊಂಡು ನಾನೂ ಕೇಳಿಸಿಕೊಳ್ಳುತ್ತೇನೆ, ಮಧ್ಯೆ ಬಾಯಿ ಹಾಕುವುದಿಲ್ಲ.

ನಿಲ್ಲುತ್ತಾ ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ.

ನಿನ್ನ ಅಕ್ಕ